ಮನೆಯೊಳಗಿನ ಬೋನ್ಸಾಯ್ ಮತ್ತು ಕುಂಡದ ಗಿಡಗಳಿಗೆ ಯಾವ ದೀಪ? ಐದು ಬಗೆಗಳ ವಿಮರ್ಶೆ

ಕಿಟಕಿಯ ಬೆಳಕು ಸಾಲದ ಕೋಣೆಯಲ್ಲಿ ಗಿಡ ಬೆಳೆಸುವವರಿಗೆ ಇಂದು ಸಿಗುವ ದೀಪಗಳನ್ನು ಸ್ಥೂಲವಾಗಿ ಐದು ಗುಂಪು ಮಾಡಬಹುದು: ಮೇಜಿನ ಅಂಚಿಗೆ ಸಿಕ್ಕಿಸುವ ನೇರಳೆ ಬಣ್ಣದ ಕ್ಲಿಪ್ ದೀಪ, ಗಿಡ ಬೆಳೆಸಲೆಂದೇ ಮಾಡಿದ, ಮಾಮೂಲಿ ಹೋಲ್ಡರಿಗೆ ಹಾಕುವ ಗ್ರೋ ಬಲ್ಬ್, ಹಳೆಯ ಫ್ಲೋರೆಸೆಂಟ್ ಟ್ಯೂಬ್, ಶೆಲ್ಫಿನ ತಳಕ್ಕೆ ಕೂರಿಸುವ ಬಿಳಿ ಎಲ್‌ಇಡಿ ಪಟ್ಟಿ ಮತ್ತು ಮೇಲಿನಿಂದ ತೂಗುಹಾಕುವ ಎಲ್‌ಇಡಿ ಪ್ಯಾನೆಲ್. ಈ ಐದು ಬಗೆಗಳನ್ನೂ ನಾನು ಬಳಸಿದ್ದೇನೆ. ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್, ಫಿಲೊಡೆಂಡ್ರಾನ್‌ನಂಥ ಎಲೆಗಿಡಗಳಷ್ಟೇ ಇದ್ದರೆ ಬಿಳಿ ಎಲ್‌ಇಡಿ ಪಟ್ಟಿ ಸಾಕು; ಬೋನ್ಸಾಯ್ ಇದ್ದರೆ ಬೆಳಕನ್ನು ಏರಿಳಿಸಬಹುದಾದ ಬಿಳಿ ಪ್ಯಾನೆಲ್ ಬೇಕು; ಉಳಿದ ಮೂರನ್ನು ಈಗ ಹೊಸದಾಗಿ ಕೊಳ್ಳಲು, ಒಂದೆರಡು ವಿಶೇಷ ಸಂದರ್ಭಗಳನ್ನು ಬಿಟ್ಟರೆ, ಕಾರಣ ಕಾಣುವುದಿಲ್ಲ.

ಎಲೆಗಿಡವನ್ನೂ ಬೋನ್ಸಾಯ್‌ಯನ್ನೂ ಬೇರೆ ಬೇರೆಯಾಗಿ ನೋಡುವುದಕ್ಕೆ ಕಾರಣವಿದೆ. ಮೂಲೆಯಲ್ಲಿಟ್ಟ ಮನಿ ಪ್ಲಾಂಟ್ ಹಸಿರಾಗಿ ಉಳಿದು, ಆಗಾಗ ಒಂದು ಹೊಸ ಎಲೆ ಬಿಟ್ಟರೆ ಅದರ ಒಡೆಯರಿಗೆ ತೃಪ್ತಿಯಾಗುತ್ತದೆ. ಬೋನ್ಸಾಯ್ ಬದುಕಿದ್ದರಷ್ಟೇ ಸಾಲದು. ಅದರ ಗೆಣ್ಣುಗಳ ನಡುವಿನ ಅಂತರ ಗಿಡ್ಡವಾಗಿರಬೇಕು, ಎಲೆ ಚಿಕ್ಕದಾಗುತ್ತ ಬರಬೇಕು, ಕತ್ತರಿಸಿದ ಪ್ರತಿ ರೆಂಬೆಯೂ ಮತ್ತೆ ಕವಲೊಡೆಯಬೇಕು, ಒಳಗಿನ ಸಣ್ಣ ಕಡ್ಡಿಗಳು ಒಣಗಿ ಉದುರಬಾರದು. ಇವೆಲ್ಲವೂ ಬೆಳಕಿನ ಪ್ರಮಾಣವನ್ನೇ ಅವಲಂಬಿಸಿವೆ. ಬೆಳಕು ಕಡಿಮೆಯಾದಾಗ ಗಿಡ ಅದನ್ನು ಹುಡುಕಿಕೊಂಡು ಉದ್ದುದ್ದ ಬೆಳೆಯುತ್ತದೆ, ಎಲೆಯನ್ನು ಅಗಲ ಮಾಡಿಕೊಳ್ಳುತ್ತದೆ, ಖರ್ಚಿಗೆ ತಕ್ಕ ದುಡಿಮೆ ಮಾಡದ ಒಳರೆಂಬೆಗಳನ್ನು ಕೈಬಿಡುತ್ತದೆ. ಎಲೆಗಿಡದಲ್ಲಿ ಅಷ್ಟಾಗಿ ಕಣ್ಣಿಗೆ ಬೀಳದ ಈ ಬದಲಾವಣೆ ಬೋನ್ಸಾಯ್‌ನಲ್ಲಿ ವರ್ಷಗಳ ಕತ್ತರಿ ಕೆಲಸವನ್ನೇ ಅಳಿಸಿಹಾಕುತ್ತದೆ. ಆದ್ದರಿಂದ ಒಂದೇ ದೀಪ ಒಂದು ಗಿಡಕ್ಕೆ ಧಾರಾಳವೂ ಇನ್ನೊಂದಕ್ಕೆ ಅರೆಹೊಟ್ಟೆಯೂ ಆಗುವುದುಂಟು.

ದೀಪಗಳನ್ನು ತೂಗಿ ನೋಡಲು ಅಳತೆಯೊಂದು ಬೇಕು, ಮತ್ತು ಈ ವಿಷಯದಲ್ಲಿ ನಮ್ಮ ಕಣ್ಣನ್ನು ನಂಬುವಂತಿಲ್ಲ. ಓದಲು ಹಿತವೆನಿಸುವ ಕೋಣೆಯ ಬೆಳಕು 300ರಿಂದ 500 ಲಕ್ಸ್ ಇರುತ್ತದೆ. ನಡುಹಗಲಿನ ನೇರ ಬಿಸಿಲು ಸುಮಾರು 1,00,000 ಲಕ್ಸ್. ಈ ಅಗಾಧ ಅಂತರವನ್ನು ಕಣ್ಣು ಪಾಪೆಯನ್ನು ಹಿಗ್ಗಿಸಿ ಕುಗ್ಗಿಸಿ ಮುಚ್ಚಿಹಾಕುತ್ತದೆ. ಎಲೆಗೆ ಆ ಅನುಕೂಲವಿಲ್ಲ. ಎಲೆಯ ಮಟ್ಟಿಗೆ ಲೆಕ್ಕಕ್ಕೆ ಬರುವುದು 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಬೆಳಕಿನ ಕಣಗಳು, ಅಂದರೆ ಫೋಟಾನ್‌ಗಳು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಸೆಕೆಂಡಿನಲ್ಲಿ ಎಷ್ಟು ಮೈಕ್ರೋಮೋಲ್ (ಕಣಗಳನ್ನು ಎಣಿಸುವ ಮಾನ; ಹತ್ತು ಲಕ್ಷ ಮೈಕ್ರೋಮೋಲ್ ಸೇರಿದರೆ ಒಂದು ಮೋಲ್) ಫೋಟಾನ್ ಬೀಳುತ್ತದೆ ಎಂಬುದೇ ಪಿಪಿಎಫ್‌ಡಿ ಎಂಬ ಅಳತೆ. ತೀಕ್ಷ್ಣ ಬಿಸಿಲಿನಲ್ಲಿ ಅದು ಸುಮಾರು 2,000 ಇರುತ್ತದೆ. ಬಿಳಿ ಎಲ್‌ಇಡಿಯ ಕೆಳಗೆ ಲಕ್ಸ್ ಮೀಟರಿನ ಅಂಕಿಯನ್ನು 70ರಿಂದ ಭಾಗಿಸಿದರೆ ಪಿಪಿಎಫ್‌ಡಿ ಹೆಚ್ಚುಕಡಿಮೆ ಸಿಗುತ್ತದೆ. ಹಾಗೆ ನೋಡಿದರೆ ನಮಗೆ ಬೆಳಗಿದಂತೆ ಕಾಣುವ ಕೋಣೆಯಲ್ಲಿ ಗಿಡಕ್ಕೆ ದಕ್ಕುವುದು ನಾಲ್ಕರಿಂದ ಏಳು ಮೈಕ್ರೋಮೋಲ್ ಮಾತ್ರ. ಹೆಚ್ಚಿನ ಗಿಡಗಳಿಗೆ ಅದು ಉಸಿರಾಟದ ಖರ್ಚನ್ನು ತೂಗಿಸುವುದಕ್ಕೂ ಸಾಲದು.

ದಿನದ ಒಟ್ಟು ಗಳಿಕೆಯೂ ಅಷ್ಟೇ ಮುಖ್ಯ. ಪಿಪಿಎಫ್‌ಡಿಯನ್ನು ದೀಪ ಉರಿಯುವ ಸೆಕೆಂಡುಗಳಿಂದ ಗುಣಿಸಿ ಹತ್ತು ಲಕ್ಷದಿಂದ ಭಾಗಿಸಿದರೆ ಬರುವ ಅಂಕಿಗೆ ಡಿಎಲ್‌ಐ ಎನ್ನುತ್ತಾರೆ. 75 ಮೈಕ್ರೋಮೋಲ್ ಬೆಳಕು ದಿನಕ್ಕೆ 12 ಗಂಟೆ ಬಿದ್ದರೆ ಅದು 3.2 ಮೋಲ್, ನೆರಳು ಸಹಿಸುವ ಎಲೆಗಿಡಗಳು ಇಷ್ಟರಲ್ಲಿ ನೆಮ್ಮದಿಯಾಗಿರುತ್ತವೆ. 200 ಮೈಕ್ರೋಮೋಲ್ 14 ಗಂಟೆ ಬಿದ್ದರೆ ಸುಮಾರು 10 ಮೋಲ್. ಆಲ, ಅರಳಿಗಳ ಜಾತಿಯ ಫೈಕಸ್ ಬೋನ್ಸಾಯ್‌ಗೆ ನಾನು ಇಟ್ಟುಕೊಂಡಿರುವ ಕೆಳಮಿತಿ ಇದು. 300 ಮೈಕ್ರೋಮೋಲ್ ಇದ್ದರೆ ಅಷ್ಟೇ ಹೊತ್ತಿನಲ್ಲಿ 15 ಮೋಲ್ ದಾಟುತ್ತದೆ, ಮತ್ತು ಹೊಸ ಚಿಗುರಿನ ಗೆಣ್ಣುಗಳು ಒಂದಕ್ಕೊಂದು ಹತ್ತಿರ ಬರುವುದು ಆಗ ಕಣ್ಣಿಗೇ ಕಾಣುತ್ತದೆ. ಬೇಸಿಗೆಯ ಬಯಲಿನಲ್ಲಿ ದಿನಕ್ಕೆ 40 ಮೋಲ್‌ಗೂ ಹೆಚ್ಚು ಬೆಳಕು ಬೀಳುವುದನ್ನು ನೆನೆದರೆ, ಮನೆಯೊಳಗೆ ನಾವು ಕೊಡುತ್ತಿರುವುದು ಎಷ್ಟು ಅಲ್ಪವೆಂದು ತಿಳಿಯುತ್ತದೆ. ಈ ಎರಡು ಅಳತೆಗಳು ಕೈಯಲ್ಲಿದ್ದರೆ ಪೆಟ್ಟಿಗೆಯ ಮೇಲಿನ ಜಾಹೀರಾತಿನ ಬಹುಪಾಲನ್ನು ಓದದೆ ಬದಿಗಿಡಬಹುದು.

ಆ ಜಾಹೀರಾತಿನಲ್ಲಿ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿರುವುದು ವಾಟ್, ಮತ್ತು ಅತ್ಯಂತ ಕಡಿಮೆ ನಂಬಬೇಕಾದದ್ದೂ ಅದೇ. 1000 ವಾಟ್ ಎಂದು ಬರೆದ ಎಷ್ಟೋ ಪ್ಯಾನೆಲ್‌ಗಳು ಗೋಡೆಯಿಂದ ಎಳೆಯುವುದು ಅದರ ಹತ್ತನೇ ಒಂದು ಭಾಗದಷ್ಟು. ಉಳಿದದ್ದು ಯಾವುದೋ ಹಳೆಯ ದೀಪಕ್ಕೆ ಸಮಾನ ಎಂಬ ಲೆಕ್ಕ, ಅಥವಾ ಒಳಗಿನ ಎಲ್‌ಇಡಿ ಚಿಪ್‌ಗಳ ಗರಿಷ್ಠ ಸಾಮರ್ಥ್ಯವನ್ನೆಲ್ಲ ಕೂಡಿಸಿದ ಮೊತ್ತ. ಕೊಳ್ಳುವಾಗ ಕೇಳಬೇಕಾದ ಅಂಕಿಗಳು ಎರಡು: ದೀಪ ನಿಜವಾಗಿ ಬಳಸುವ ವಾಟ್ ಎಷ್ಟು, ಪ್ರತಿ ಜೂಲ್ ವಿದ್ಯುತ್ತಿಗೆ ಎಷ್ಟು ಮೈಕ್ರೋಮೋಲ್ ಬೆಳಕು ಹೊಮ್ಮುತ್ತದೆ. ಇಂದಿನ ಒಳ್ಳೆಯ ಎಲ್‌ಇಡಿ ಪ್ಯಾನೆಲ್‌ಗಳಲ್ಲಿ ಎರಡನೆಯ ಅಂಕಿ 2.5ರ ಆಸುಪಾಸು ಇರುತ್ತದೆ, ಸಾಧಾರಣ ಪಟ್ಟಿಗಳಲ್ಲಿ 1.5ರಿಂದ 2 ಇರುತ್ತದೆ. ಈ ಅಂಕಿಯನ್ನೇ ಕೊಡದ ಮಾಮೂಲಿ ಬಿಳಿ ಬಲ್ಬ್ ಅಥವಾ ಟ್ಯೂಬ್ ಆದರೆ ಅದರ ಮೇಲೆ ಬರೆದ ಲ್ಯೂಮೆನ್ ಅನ್ನು 70ರಿಂದ ಭಾಗಿಸಿದರೆ ಸಾಕು. 2,100 ಲ್ಯೂಮೆನ್‌ನ ಬಿಳಿ ಎಲ್‌ಇಡಿ ಟ್ಯೂಬ್ ಸೆಕೆಂಡಿಗೆ ಸುಮಾರು 30 ಮೈಕ್ರೋಮೋಲ್ ಹೊಮ್ಮಿಸುತ್ತದೆ.

ಇನ್ನು ಒಂದೊಂದಾಗಿ ದೀಪಗಳ ವಿಚಾರಕ್ಕೆ ಬರೋಣ. ಬಾಗುವ ಕತ್ತಿನ, ಎರಡೋ ನಾಲ್ಕೋ ತಲೆಗಳಿರುವ ನೇರಳೆ ಕ್ಲಿಪ್ ದೀಪ ನೋಡಲು ಚುರುಕಾಗಿದೆ, ಎಲ್ಲಿ ಬೇಕೋ ಅಲ್ಲಿಗೆ ತಿರುಗುತ್ತದೆ, ಒಳಗೇ ಟೈಮರ್ ಇರುತ್ತದೆ. ದೋಷ ಅದರ ಶಕ್ತಿಯಲ್ಲಿದೆ. ಇವುಗಳಲ್ಲಿ ಹೆಚ್ಚಿನವು ಮೊಬೈಲ್ ಚಾರ್ಜರಿನಂಥ 5 ವೋಲ್ಟ್, 2 ಆಂಪಿಯರ್ ಅಡಾಪ್ಟರಿನಿಂದ ನಡೆಯುತ್ತವೆ. ಅಂಥ ಅಡಾಪ್ಟರ್ ಕೊಡಬಲ್ಲದ್ದು ಹೆಚ್ಚೆಂದರೆ 10 ವಾಟ್, ಪೆಟ್ಟಿಗೆಯ ಮೇಲೆ 40 ಇರಲಿ 80 ಇರಲಿ. ಆ 10 ವಾಟ್‌ನಲ್ಲೂ ತಂತಿ, ರೆಸಿಸ್ಟರ್, ಅಗ್ಗದ ಚಿಪ್‌ಗಳಲ್ಲಿ ಸೋರಿಹೋದದ್ದನ್ನು ಕಳೆದರೆ ಒಂದು ಚಿಕ್ಕ ಕುಂಡಕ್ಕೆ, ಅದೂ ಗೇಣುದೂರದಿಂದ, ಬೆಳಕು ಸಾಕಾಗುತ್ತದೆ. ಮೇಜಿನ ಮೇಲಿನ ಒಂಟಿ ಪೆಪರೋಮಿಯಾಕ್ಕೋ ಬೇರು ಬಿಡಿಸಲು ಇಟ್ಟ ತುಂಡುಗಳಿಗೋ ಇದು ನಡೆದೀತು. ವಿದ್ಯುತ್ ಹೋಗಿ ಬಂದಾಗ ಕೆಲವು ಮಾದರಿಗಳ ಟೈಮರ್ ತನ್ನ ಹೊಂದಾಣಿಕೆಯನ್ನು ಮರೆತು ದೀಪ ಹತ್ತದೆ ಉಳಿಯುತ್ತದೆ ಎಂಬುದನ್ನೂ ಊರಿಗೆ ಹೊರಡುವವರು ಗಮನಿಸಬೇಕು.

ನೇರಳೆ ಬಣ್ಣದ ಹಿಂದಿನ ವಾದವನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಮಾರಾಟಗಾರರು ಇಂದಿಗೂ ಅದನ್ನೇ ಮುಂದಿಡುತ್ತಾರೆ. ಪತ್ರಹರಿತ್ತು ನೀಲಿ ಮತ್ತು ಕೆಂಪು ಬೆಳಕನ್ನು ಹೆಚ್ಚು ಹೀರುತ್ತದೆ, ಹಸಿರನ್ನು ಹಿಂದಕ್ಕೆಸೆಯುತ್ತದೆ, ಆದ್ದರಿಂದ ಹಸಿರು ಬೆಳಕು ದಂಡ ಎಂಬುದು ಆ ವಾದ. ಅದಕ್ಕೆ ಆಧಾರವಾಗಿ ತೋರಿಸುವ ಎರಡು ಶಿಖರಗಳ ನಕ್ಷೆ, ಎಲೆಯಿಂದ ಬೇರ್ಪಡಿಸಿ ದ್ರಾವಕದಲ್ಲಿ ಕರಗಿಸಿದ ಪತ್ರಹರಿತ್ತಿನದು. ಜೀವಂತ ಎಲೆಯ ಕಥೆ ಬೇರೆ. ಮೆಕ್‌ಕ್ರೀ ಎಂಬ ವಿಜ್ಞಾನಿ 22 ಬಗೆಯ ಬೆಳೆಗಳ ಎಲೆಗಳ ಮೇಲೆ ಒಂದೊಂದೇ ತರಂಗಾಂತರದ ಬೆಳಕು ಬಿಟ್ಟು ಅಳೆದು 1972ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಹಸಿರು ಬೆಳಕಿನಲ್ಲೂ ದ್ಯುತಿಸಂಶ್ಲೇಷಣೆ ಚೆನ್ನಾಗಿಯೇ ನಡೆಯುವುದು ಕಂಡುಬಂತು. ಬೆಳಕು ಪ್ರಖರವಾದಾಗ ಎಲೆಯ ಮೇಲ್ಪದರಗಳು ಕೆಂಪು ನೀಲಿಗಳಿಂದ ತುಂಬಿ ತೃಪ್ತವಾಗಿರುತ್ತವೆ, ಆಗ ಆಳಕ್ಕೆ ಇಳಿದು ಕೆಳಪದರಗಳನ್ನು ದುಡಿಸುವುದು ಹಸಿರೇ ಎಂದು ತೆರಾಶಿಮಾ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದರು. ದಟ್ಟ ಎಲೆಗಳ ಬೋನ್ಸಾಯ್‌ನಲ್ಲಿ ಈ ಗುಣಕ್ಕೆ ಇನ್ನೂ ಹೆಚ್ಚಿನ ಬೆಲೆ, ಏಕೆಂದರೆ ಮೇಲಿನ ಎಲೆಯನ್ನು ದಾಟಿ ಒಳಗಿನ ಎಲೆಗೆ ತಲುಪುವ ಬೆಳಕಿನಲ್ಲಿ ಹಸಿರಿನ ಪಾಲೇ ದೊಡ್ಡದು.

ನೇರಳೆ ಬೆಳಕಿನಲ್ಲಿ ಗಿಡ ಬೆಳೆಯುವುದಿಲ್ಲ ಎಂದು ನಾನು ಹೇಳುತ್ತಿಲ್ಲ, ಚೆನ್ನಾಗಿಯೇ ಬೆಳೆಯುತ್ತದೆ. ನೋಡುವವರ ಪಾಡು ಮಾತ್ರ ಕಷ್ಟ. ಆ ಬೆಳಕಿನ ಕೆಳಗೆ ಎಲೆಗಳು ಕಪ್ಪಾಗಿ ಕಾಣುತ್ತವೆ, ಹಳದಿ ತಿರುಗಿದ ಎಲೆ, ಕೆಂಪು ಜೇಡನುಸಿಯ ಚುಕ್ಕೆ, ಹಿಟ್ಟು ತಿಗಣೆಯ ಬಿಳಿ ಅಂಟು ಇವು ಯಾವುವೂ ಸಮಯಕ್ಕೆ ಗೊತ್ತಾಗುವುದಿಲ್ಲ. ಲಕ್ಸ್ ಮೀಟರ್ ಕೂಡ ಅಲ್ಲಿ ಸುಳ್ಳು ಹೇಳುತ್ತದೆ, ಏಕೆಂದರೆ ಅದನ್ನು ಮನುಷ್ಯನ ಕಣ್ಣಿನಂತೆ ಹಸಿರಿಗೆ ಹೆಚ್ಚು ಸ್ಪಂದಿಸುವ ಹಾಗೆ ಮಾಡಲಾಗಿದೆ. ಬೋನ್ಸಾಯ್ ನೋಡಿ ಸಂತೋಷಪಡಲೆಂದೇ ಬೆಳೆಸುವ ಗಿಡ. ಅದನ್ನು ಹಗಲೆಲ್ಲ ನೇರಳೆ ಮಬ್ಬಿನಲ್ಲಿ ಮುಳುಗಿಸಿಡುವುದರಲ್ಲಿ ಅರ್ಥವಿಲ್ಲ.

ಗ್ರೋ ಬಲ್ಬ್‌ಗಳ ದೊಡ್ಡ ಅನುಕೂಲವೆಂದರೆ ಯಾವ ಹೊಸ ಏರ್ಪಾಡೂ ಬೇಡ, ಇರುವ ಹೋಲ್ಡರೇ ಸಾಕು. ಬಿಳಿ ಬೆಳಕಿನ, 15ರಿಂದ 25 ವಾಟ್‌ನ ಬಲ್ಬ್ ಆಯ್ದುಕೊಂಡರೆ ನೆಲದ ಮೇಲೆ ನಿಲ್ಲಿಸಿದ ಒಂಟಿ ಗಿಡಕ್ಕೆ, ಉದಾಹರಣೆಗೆ ಎತ್ತರದ ಫಿಡಲ್ ಲೀಫ್ ಫಿಗ್‌ಗೆ, ಇದು ಬಹಳ ಅಚ್ಚುಕಟ್ಟಾದ ಪರಿಹಾರ. ನಾನು ಮೇಲೆ ಹೇಳಿದ ವಿಶೇಷ ಸಂದರ್ಭ ಇದೇ. ಇಲ್ಲಿ ಗಮನಿಸಬೇಕಾದದ್ದು ಬೆಳಕು ಹರಡುವ ಕೋನ. 36 ಡಿಗ್ರಿ ಲೆನ್ಸ್ ಇರುವ ಬಲ್ಬಿನ ಬೆಳಕಿನ ತಿರುಳು 60 ಸೆಂಟಿಮೀಟರ್ ಕೆಳಗೆ ಸುಮಾರು 39 ಸೆಂಟಿಮೀಟರ್ ಅಗಲದ ವೃತ್ತವಾಗಿರುತ್ತದೆ. 120 ಡಿಗ್ರಿಯ ಬಲ್ಬಿನದು ಅದೇ ಅಂತರದಲ್ಲಿ ಎರಡು ಮೀಟರ್ ದಾಟಿ ಹರಡಿ ತೆಳುವಾಗಿಬಿಡುತ್ತದೆ. ದೂರದಿಂದ ಬೆಳಗಬೇಕಾದರೆ ಕಿರಿದಾದ ಕೋನ, ಹತ್ತಿರದಿಂದ ಬೆಳಗಬೇಕಾದರೆ ಅಗಲದ ಕೋನ. ಸಾಲಾಗಿಟ್ಟ ಕುಂಡಗಳಿಗೆ ಮಾತ್ರ ಬಲ್ಬ್ ಹೊಂದುವುದಿಲ್ಲ. ನಡುವಿನ ಗಿಡಕ್ಕೆ ಅತಿಯಾಗಿ, ಅಂಚಿನ ಗಿಡಕ್ಕೆ ಕೊರತೆಯಾಗುತ್ತದೆ.

ಫ್ಲೋರೆಸೆಂಟ್ ಟ್ಯೂಬ್‌ಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 16 ಮಿಲಿಮೀಟರ್ ವ್ಯಾಸದ ಟಿ5 ಟ್ಯೂಬ್‌ಗಳು ತಮ್ಮ ಕಾಲದಲ್ಲಿ ಮನೆಯೊಳಗಿನ ಬೋನ್ಸಾಯ್‌ಗೆ ನಿಜಕ್ಕೂ ಒಳ್ಳೆಯ ದೀಪಗಳಾಗಿದ್ದವು, ಈಗಲೂ ಕೆಲಸ ಮಾಡುತ್ತವೆ. ಆದರೆ ಅವುಗಳ ಬೆಳಕಿನ ಅರ್ಧಭಾಗ ಮೇಲಕ್ಕೆ ಹೋಗಿ ಪ್ರತಿಫಲಕವನ್ನು ನಂಬಿಕೊಳ್ಳಬೇಕು, ಬಳಸುತ್ತ ಹೋದಂತೆ ಬೆಳಕು ಇಳಿಯುವುದರಿಂದ ಸುಡುವ ಮೊದಲೇ ಬದಲಾಯಿಸಬೇಕು, ಒಡೆದರೆ ಪಾದರಸ ಹೊರಬರುತ್ತದೆ. ಪಾದರಸದ ಬಳಕೆಯನ್ನು ತಗ್ಗಿಸಲು ಮಾಡಿಕೊಂಡ ಅಂತರರಾಷ್ಟ್ರೀಯ ಮಿನಮಾಟಾ ಒಪ್ಪಂದದ ರಾಷ್ಟ್ರಗಳು 2027ರ ವೇಳೆಗೆ ಸಾಮಾನ್ಯ ಫ್ಲೋರೆಸೆಂಟ್ ದೀಪಗಳನ್ನು ಕೊನೆಗಾಣಿಸಲು 2023ರಲ್ಲಿ ತೀರ್ಮಾನಿಸಿವೆ. ಬದಲಿ ಟ್ಯೂಬ್ ಸಿಗುವುದೇ ಕಷ್ಟವಾಗಲಿದೆ. ಇದ್ದವರು ಉರಿಯುವಷ್ಟು ದಿನ ಉರಿಸಲಿ, ಇಲ್ಲದವರು ಹುಡುಕಿಕೊಂಡು ಹೋಗುವುದು ಬೇಡ.

ಬಿಳಿ ಎಲ್‌ಇಡಿ ಪಟ್ಟಿ ಈ ವಿಮರ್ಶೆಯಲ್ಲಿ ಎಲೆಗಿಡಗಳ ಮಟ್ಟಿಗೆ ಗೆದ್ದ ದೀಪ. ಇದರ ಮೂಲ ನೀಲಿ ಎಲ್‌ಇಡಿ; ಅದನ್ನು ಸಾಧಿಸಿದ್ದಕ್ಕಾಗಿ ಅಕಸಾಕಿ, ಅಮಾನೊ ಮತ್ತು ನಕಮುರಾ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಸಂದಿತು. 450 ನ್ಯಾನೋಮೀಟರ್ ಸುತ್ತಮುತ್ತಲಿನ ನೀಲಿ ಬೆಳಕಿನ ಒಂದು ಪಾಲನ್ನು ಮೇಲಿನ ಫಾಸ್ಫರ್ ಲೇಪ ಹಸಿರು, ಹಳದಿ, ಕೆಂಪುಗಳಾಗಿ ಮಾರ್ಪಡಿಸುವುದರಿಂದ ನಮಗೆ ಬಿಳಿ ಕಾಣುತ್ತದೆ, ಗಿಡಕ್ಕೆ ಬಣ್ಣಗಳ ಇಡೀ ಪಟ್ಟೆ ಸಿಗುತ್ತದೆ. ಇಲ್ಲಿ ಪೂರ್ಣ ವರ್ಣಪಟಲ ಎಂಬ ಹೆಸರಿಗಾಗಿ ಹೆಚ್ಚು ಹಣ ತೆರಬೇಕಾಗಿಲ್ಲ. ಒಳ್ಳೆಯ ಬಿಳಿ ಎಲ್‌ಇಡಿ ಎಲ್ಲವೂ ಹಾಗೆಯೇ ಇರುತ್ತದೆ. 3000 ಕೆಲ್ವಿನ್‌ನ ಬೆಚ್ಚನೆಯ ಬಿಳಿಯಲ್ಲಿ ನೀಲಿ ಕಡಿಮೆ, 6500 ಕೆಲ್ವಿನ್‌ನ ತಂಪು ಬಿಳಿಯಲ್ಲಿ ಹೆಚ್ಚು. ನೀಲಿ ಬೆಳಕು ಗಿಡವನ್ನು ಗಿಡ್ಡವಾಗಿ, ಅಡಕವಾಗಿ ಇಡುವುದರಿಂದಲೂ ತೀರ ತಂಪು ಬಿಳಿ ಮನೆಯೊಳಗೆ ಕಣ್ಣಿಗೆ ಒರಟಾಗಿ ಕಾಣುವುದರಿಂದಲೂ ನಾನು 4000ರಿಂದ 5000 ಕೆಲ್ವಿನ್ ನಡುವೆ ನಿಲ್ಲುತ್ತೇನೆ. ಬಣ್ಣಗಳನ್ನು ಸಹಜವಾಗಿ ತೋರಿಸುವ ಸಿಆರ್‌ಐ ಅಂಕಿ 90 ಇದ್ದರೆ ಗಿಡಗಳ ಹಸಿರು ಚೆನ್ನಾಗಿ ಕಾಣುತ್ತದೆ. 80 ಇದ್ದರೂ ಗಿಡ ದೂರುವುದಿಲ್ಲ.

ಎಷ್ಟು ಪಟ್ಟಿ ಬೇಕು ಎಂಬುದನ್ನು ಊಹೆಗೆ ಬಿಡದೆ ಲೆಕ್ಕ ಹಾಕಬಹುದು. 120 ಸೆಂಟಿಮೀಟರ್ ಉದ್ದ, 40 ಸೆಂಟಿಮೀಟರ್ ಅಗಲದ ಶೆಲ್ಫಿನ ವಿಸ್ತೀರ್ಣ 0.48 ಚದರ ಮೀಟರ್. ಅದರ ತುಂಬ 75 ಮೈಕ್ರೋಮೋಲ್ ಬೀಳಬೇಕಾದರೆ ಗಿಡಗಳ ಮಟ್ಟಕ್ಕೆ ಸೆಕೆಂಡಿಗೆ 36 ಮೈಕ್ರೋಮೋಲ್ ತಲುಪಬೇಕು. ಮೂರನೇ ಒಂದು ಪಾಲು ಬೆಳಕು ಪಕ್ಕಕ್ಕೆ ಚೆಲ್ಲಿಹೋಗುತ್ತದೆಂದು ಹಿಡಿದರೆ ದೀಪದಿಂದ 54 ಮೈಕ್ರೋಮೋಲ್ ಹೊರಡಬೇಕು. ಜೂಲ್‌ಗೆ 2 ಮೈಕ್ರೋಮೋಲ್ ಕೊಡುವ ಪಟ್ಟಿಯಾದರೆ 27 ವಾಟ್. ಅಂದರೆ ಉದ್ದನೆಯ ಎರಡು ಸಾಧಾರಣ ಪಟ್ಟಿಗಳನ್ನು ಸಮಾನಾಂತರವಾಗಿ ಕೂರಿಸಿದರೆ ಒಂದು ಶೆಲ್ಫ್ ತುಂಬ ಎಲೆಗಿಡ ಬೆಳೆಸಬಹುದು. ಅದೇ ಶೆಲ್ಫಿನಲ್ಲಿ ಬೋನ್ಸಾಯ್‌ಗಾಗಿ 200 ಮೈಕ್ರೋಮೋಲ್ ಬಯಸಿದರೆ ಇದೇ ಲೆಕ್ಕ 72 ವಾಟ್‌ಗೆ ಏರುತ್ತದೆ, ಐದಾರು ಪಟ್ಟಿಗಳನ್ನು ಒತ್ತಾಗಿ ಜೋಡಿಸಬೇಕಾಗುತ್ತದೆ. ಶೆಲ್ಫಿನ ಹಿಂಬದಿಗೂ ಪಕ್ಕಗಳಿಗೂ ಹೊಳಪಿಲ್ಲದ ಬಿಳಿ ಬಣ್ಣ ಬಳಿದರೆ ಅಥವಾ ಬಿಳಿ ಹಾಳೆ ಹಚ್ಚಿದರೆ ಚೆಲ್ಲಿಹೋಗುವ ಬೆಳಕಿನ ಬಹುಭಾಗ ಒಳಕ್ಕೆ ಮರಳುತ್ತದೆ. ಅಡುಗೆಮನೆಯ ಅಲ್ಯುಮಿನಿಯಂ ಹಾಳೆಗಿಂತ ಇದು ಮೇಲು. ಹಾಳೆಯ ಸುಕ್ಕುಗಳು ಬೆಳಕನ್ನು ಅಲ್ಲಲ್ಲಿ ಗುಡ್ಡೆ ಹಾಕುತ್ತವೆ.

ಬೋನ್ಸಾಯ್‌ಗೆ ಪಟ್ಟಿಗಳನ್ನು ಬಿಟ್ಟು ಪ್ಯಾನೆಲ್ಲನ್ನೇ ಏಕೆ ಹೇಳುತ್ತೇನೆಂದರೆ ಬೆಳಕಿನ ಮೊತ್ತದ ಜೊತೆಗೆ ಅದು ಮರದ ಮೇಲಿನಿಂದ ಕೆಳಗಿನವರೆಗೆ ಹೇಗೆ ಹಂಚಿಕೆಯಾಗುತ್ತದೆ ಎಂಬ ಪ್ರಶ್ನೆಯೂ ಇದೆ. ಹೆಚ್ಚಿನ ಮರಗಳು ಸ್ವಭಾವತಃ ತುದಿಗೆ ಬಲ ಕೊಡುತ್ತವೆ. ಕೆಳಗಿನ ಕೊಂಬೆಗಳು ತಾವಾಗಿಯೇ ದುರ್ಬಲ. ತುದಿಯಿಂದ ಕೆಳಕೊಂಬೆಗೆ 25 ಸೆಂಟಿಮೀಟರ್ ಇರುವ ಮರದ ನೆತ್ತಿಯ ಮೇಲೆ 15 ಸೆಂಟಿಮೀಟರ್ ಎತ್ತರದಲ್ಲಿ ಒಂದು ಬಲ್ಬ್ ಇಟ್ಟಿದ್ದೇವೆ ಎಂದುಕೊಳ್ಳಿ. ಅಂಥ ಬಿಂದುದೀಪದ ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ, ತುದಿಗೆ ಸಿಗುವ ಬೆಳಕು ಕೆಳಕೊಂಬೆಗೆ ಸಿಗುವುದಕ್ಕಿಂತ ಏಳು ಪಟ್ಟು ಹೆಚ್ಚಾಗಿರುತ್ತದೆ. ಉದ್ದನೆಯ ಪಟ್ಟಿಯಾದರೆ ಬೆಳಕು ಅಷ್ಟು ಬೇಗ ಇಳಿಯುವುದಿಲ್ಲ, ಆದರೂ ವ್ಯತ್ಯಾಸ ಎರಡೂವರೆ ಪಟ್ಟು ಮೀರುತ್ತದೆ. ಇದರ ಮೇಲೆ ಎಲೆಗಳ ನೆರಳು ಬೇರೆ. ಕೆಲವೇ ತಿಂಗಳಲ್ಲಿ ನೆತ್ತಿ ಪೊದೆಯಾಗಿ, ಕೆಳಕೊಂಬೆ ಬೋಳಾಗಿ, ವಿನ್ಯಾಸವೆಲ್ಲ ತಲೆಕೆಳಗಾಗುತ್ತದೆ. ದೀಪವನ್ನು ತುದಿಯಿಂದ 45 ಸೆಂಟಿಮೀಟರ್ ಎತ್ತರಕ್ಕೆ ಒಯ್ದರೆ ಬಿಂದುದೀಪದಲ್ಲೂ ಅಂತರ ಎರಡೂವರೆ ಪಟ್ಟಿನ ಒಳಗೆ ಬರುತ್ತದೆ, ಅಗಲವಾದ ಪ್ಯಾನೆಲ್‌ನಲ್ಲಿ ಇನ್ನೂ ಕಡಿಮೆ. ಆದರೆ ಅಷ್ಟು ಎತ್ತರದಿಂದಲೂ 200 ಮೈಕ್ರೋಮೋಲ್ ಕೊಡಲು ಬಲವಾದ ದೀಪವೇ ಬೇಕು. ದುರ್ಬಲ ದೀಪವನ್ನು ಹತ್ತಿರ ಇಡುವುದಕ್ಕಿಂತ ಪ್ರಬಲ ದೀಪವನ್ನು ದೂರ ಇಡುವುದು ಬೋನ್ಸಾಯ್‌ಗೆ ಒಳ್ಳೆಯದು ಎಂಬ ನನ್ನ ಅಭಿಪ್ರಾಯಕ್ಕೆ ಈ ಲೆಕ್ಕವೇ ಆಧಾರ.

60 ಸೆಂಟಿಮೀಟರ್ ಚೌಕದ ಜಾಗಕ್ಕೆ ನಿಜವಾದ 100 ವಾಟ್ ಬಳಸುವ, ಜೂಲ್‌ಗೆ 2.5 ಮೈಕ್ರೋಮೋಲ್ ಕೊಡುವ ಬಿಳಿ ಪ್ಯಾನೆಲ್ ಧಾರಾಳ. ಅದರಿಂದ ಹೊರಡುವ 250 ಮೈಕ್ರೋಮೋಲ್‌ನಲ್ಲಿ ಮೂರರಲ್ಲೆರಡು ಪಾಲು ಗಿಡಗಳಿಗೆ ಮುಟ್ಟಿದರೂ ಸರಾಸರಿ 460ರ ಸುತ್ತ ಇರುತ್ತದೆ, ಹಾಗಾಗಿ ಬೆಳಕು ಏರಿಳಿಸುವ ಡಿಮ್ಮರನ್ನು ಅರ್ಧಕ್ಕೆ ಇಳಿಸಿಯೇ ಆರಂಭಿಸಬೇಕು. ಅರ್ಧಕ್ಕೆ ಓಡಿಸುವುದರಲ್ಲಿ ಇನ್ನೊಂದು ಲಾಭವಿದೆ: ಎಲ್‌ಇಡಿಗಳು ತಣ್ಣಗಿದ್ದು ಹೆಚ್ಚು ದಕ್ಷವಾಗಿ ಉರಿಯುತ್ತವೆ, ಹೆಚ್ಚು ಕಾಲ ಬಾಳುತ್ತವೆ. ಮಬ್ಬು ಮೂಲೆಯಲ್ಲಿ ಬೆಳೆದ ಎಲೆಗೆ ಪ್ರಖರ ಬೆಳಕನ್ನು ತಾಳುವ ರಚನೆಯಿರುವುದಿಲ್ಲ. ಒಮ್ಮೆಲೇ ಪೂರ್ತಿ ತಿರುಗಿಸಿದರೆ ಅದು ಬಿಳಿಚಿಕೊಳ್ಳುತ್ತದೆ, ಕೆಲವೊಮ್ಮೆ ಉದುರುತ್ತದೆ. ಎರಡು ಮೂರು ವಾರಗಳ ಅವಧಿಯಲ್ಲಿ ಬೆಳಕನ್ನು ಏರಿಸುತ್ತ ಹೋದರೆ ಹೊಸದಾಗಿ ಬರುವ ಎಲೆಗಳು ಆ ಬೆಳಕಿಗೆ ತಕ್ಕಂತೆ ದಪ್ಪವಾಗಿ, ಚಿಕ್ಕದಾಗಿ ಹುಟ್ಟುತ್ತವೆ. ಬೆಳಕು ಏರಿದಂತೆ ನೀರಿನ, ಗೊಬ್ಬರದ ಅಗತ್ಯವೂ ಏರುತ್ತದೆಂಬುದನ್ನು ಮರೆಯುವಂತಿಲ್ಲ. ಕಡಿಮೆ ಆಳದ ಬೋನ್ಸಾಯ್ ತಟ್ಟೆ ಪ್ಯಾನೆಲ್‌ನ ಕೆಳಗೆ ಬಹಳ ಬೇಗ ಒಣಗುತ್ತದೆ.

ಪ್ಯಾನೆಲ್‌ಗಳಿಗೆ ದೋಷಗಳೂ ಇವೆ. ಅವು ಕಾರ್ಖಾನೆಯ ಸಾಮಾನಿನಂತೆ ಕಾಣುತ್ತವೆ, ಪಕ್ಕದಿಂದ ಕಣ್ಣಿಗೆ ಚುಚ್ಚುತ್ತವೆ, ವಾಸದ ಕೋಣೆಯಲ್ಲಿ ಅವನ್ನು ಮರೆಮಾಚುವ ಅಂಚುಪಟ್ಟಿ ಕಟ್ಟಿಕೊಳ್ಳದಿದ್ದರೆ ಮನೆಯವರ ಸಹನೆ ಬಹಳ ದಿನ ಉಳಿಯುವುದಿಲ್ಲ. ಕೆಲವು ಮಾದರಿಗಳಲ್ಲಿ ಯುವಿ (ನೇರಳಾತೀತ) ಮತ್ತು ಐಆರ್ (ಅವಕೆಂಪು) ಎಂಬ ಪ್ರತ್ಯೇಕ ಸ್ವಿಚ್‌ಗಳಿರುತ್ತವೆ. ಐಆರ್ ಎಂದು ಕರೆಯುವುದು ಸಾಮಾನ್ಯವಾಗಿ 730 ನ್ಯಾನೋಮೀಟರಿನ ದೂರಕೆಂಪು. ಕೆಂಪಿನ ಜೊತೆ ದೂರಕೆಂಪು ಸೇರಿದಾಗ ದ್ಯುತಿಸಂಶ್ಲೇಷಣೆ ಹೆಚ್ಚುತ್ತದೆಂದು ಎಮರ್ಸನ್ ಎಂಬ ವಿಜ್ಞಾನಿ 1957ರಲ್ಲಿಯೇ ತೋರಿಸಿದ್ದು ನಿಜ. ಆದರೆ ಅದೇ ದೂರಕೆಂಪು, ಮೇಲೆ ಬೇರೆ ಮರಗಳ ನೆರಳಿದೆ ಎಂಬ ಸೂಚನೆಯನ್ನೂ ಗಿಡಕ್ಕೆ ಕೊಟ್ಟು ಕಾಂಡವನ್ನು ಉದ್ದ ಬೆಳೆಸುತ್ತದೆ. ಗೆಣ್ಣುಗಳನ್ನು ಹತ್ತಿರ ತರಲು ಹೆಣಗುವ ಬೋನ್ಸಾಯ್ ಪ್ರಿಯರಿಗೆ ಅದರಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು, ಆದ್ದರಿಂದ ಆ ಸ್ವಿಚ್ ಆಫ್ ಆಗಿಯೇ ಇರಲಿ.

ದೀಪ ಯಾವುದಾದರೂ ಟೈಮರ್ ಬೇಕೇ ಬೇಕು. ಎಲೆಗಿಡಗಳಿಗೆ 12 ಗಂಟೆ, ಬೋನ್ಸಾಯ್‌ಗೆ 14 ಗಂಟೆ, ಬೆಳಕು ಕಡಿಮೆ ಬಿದ್ದಿದೆ ಎನಿಸಿದರೆ 16 ಗಂಟೆಯವರೆಗೆ ಏರಿಸಬಹುದು. ಅದರಾಚೆಗೆ ಗಿಡಕ್ಕೂ ಕತ್ತಲೆ ಬೇಕು. ಪೊಯಿನ್ಸೆಟಿಯಾ, ಕಲಾಂಚೋ, ಕ್ರಿಸ್‌ಮಸ್ ಕ್ಯಾಕ್ಟಸ್‌ಗಳಂಥ ದೀರ್ಘ ರಾತ್ರಿ ಬಯಸುವ ಗಿಡಗಳು ಇಂಥ ಶೆಲ್ಫಿನಲ್ಲಿ ಎಲೆ ತುಂಬಿಕೊಂಡು ನಿಲ್ಲುತ್ತವೆಯೇ ಹೊರತು ಹೂ ಬಿಡುವುದಿಲ್ಲ. ವಿದ್ಯುತ್ ಖರ್ಚಿನ ಬಗ್ಗೆ ಹೇಳುವುದಾದರೆ, 72 ವಾಟ್‌ನ ದೀಪ 14 ಗಂಟೆ ಉರಿದರೆ ದಿನಕ್ಕೆ ಒಂದು ಯೂನಿಟ್ಟು. ಪ್ಯಾನೆಲ್‌ನ ಡ್ರೈವರ್ (ದೀಪಕ್ಕೆ ತಕ್ಕ ವಿದ್ಯುತ್ ಒದಗಿಸುವ ಭಾಗ) ಚಾಲೂ ಆಗುವ ಕ್ಷಣದಲ್ಲಿ ಮಾಮೂಲಿಗಿಂತ ಬಹಳ ಹೆಚ್ಚು ಕರೆಂಟ್ ಎಳೆಯುವುದರಿಂದ ತೀರ ಅಗ್ಗದ ಟೈಮರಿನೊಳಗಿನ ರಿಲೇ ಎಂಬ ಸ್ವಿಚ್ ಅಂಟಿಕೊಂಡು ದೀಪ ಆರದೇ ಉಳಿಯುವ ಸಂಭವವಿದೆ; ಟೈಮರನ್ನು ದೀಪದ ವಾಟ್‌ಗಿಂತ ಸಾಕಷ್ಟು ಹೆಚ್ಚಿನ ಸಾಮರ್ಥ್ಯದ್ದಾಗಿ ಆರಿಸಬೇಕು. ಎಲೆಗಳಿಗೆ ನೀರು ಚಿಮುಕಿಸುವವರು ಧೂಳು ಮತ್ತು ನೀರಿನ ಸಿಡಿತವನ್ನು ತಡೆಯುತ್ತದೆಂದು ಸೂಚಿಸುವ ಐಪಿ65 ಗುರುತಿನ ದೀಪವನ್ನೇ ಕೊಂಡು, ಚಿಮುಕಿಸುವಾಗ ಅದನ್ನೂ ನಂದಿಸಬೇಕು. ಲೋಹದ ಪ್ಯಾನೆಲ್‌ಗೆ ಅರ್ಥಿಂಗ್ ಇರುವ ಮೂರು ಪಿನ್ನಿನ ಪ್ಲಗ್ ಇಲ್ಲದಿದ್ದರೆ ಅದನ್ನು ಮನೆಗೆ ತರಲೇಬಾರದು. ಮೊಬೈಲ್ ಕ್ಯಾಮೆರಾದ ನಿಧಾನಗತಿಯ ವಿಡಿಯೊದಲ್ಲಿ ದೀಪ ಮಿಟುಕುವುದು ಕಂಡರೆ ಗಿಡಕ್ಕೆ ಹಾನಿಯಿಲ್ಲ, ಅದೇ ಕೋಣೆಯಲ್ಲಿ ಕೂತು ಓದುವವರಿಗೆ ತಲೆನೋವು ಬರಬಹುದು.

ಎಲ್‌ಇಡಿಯ ಆಯಸ್ಸು 50,000 ಗಂಟೆ ಎಂದು ಬರೆದಿದ್ದರೆ ಅಷ್ಟು ಹೊತ್ತಿಗೆ ಆರಿಹೋಗುತ್ತದೆ ಎಂದಲ್ಲ. ಸಾಮಾನ್ಯವಾಗಿ ಬೆಳಕು ಮೊದಲಿನ ಶೇಕಡ 70ಕ್ಕೆ ಇಳಿಯುತ್ತದೆ ಎಂದು ಅರ್ಥ. ಕಣ್ಣಿಗೆ ಆ ಇಳಿಕೆ ತಿಳಿಯುವುದಿಲ್ಲವಾದ್ದರಿಂದ, ದೀಪ ಹೊಸದಿರುವಾಗಲೇ ಶೆಲ್ಫಿನ ನಡುವೆಯೂ ನಾಲ್ಕು ಮೂಲೆಗಳಲ್ಲೂ ಲಕ್ಸ್ ಅಳೆದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು ಉಪಯುಕ್ತ. ಮೊಬೈಲ್ ಆ್ಯಪ್‌ನ ಅಂಕಿ ನಿಖರವಲ್ಲದಿದ್ದರೂ ಅದೇ ಮೊಬೈಲ್, ಅದೇ ಜಾಗ ಎಂಬ ಹೋಲಿಕೆಗೆ ಸಾಕು. ಅಂಕಿ ಇಳಿದಾಗ ಬಹಳ ಸಲ ತಪ್ಪಿತಸ್ಥ ದೀಪವಾಗಿರುವುದಿಲ್ಲ, ಅದರ ಮೇಲೆ ಕೂತ ಧೂಳಾಗಿರುತ್ತದೆ.

ಕೊನೆಯದಾಗಿ, ಯಾವ ಮರಕ್ಕಾಗಿ ಈ ಖರ್ಚು ಎಂಬುದು. ಫೈಕಸ್ ಮೈಕ್ರೋಕಾರ್ಪಾ, ಷೆಫ್ಲೆರಾ, ಜೇಡ್, ಪೋರ್ಚುಲಕೇರಿಯಾ ಇವು ದೀಪದ ಬೆಳಕಿಗೆ ತುಂಬ ಚೆನ್ನಾಗಿ ಸ್ಪಂದಿಸುತ್ತವೆ. ಮೊದಲ ಬೋನ್ಸಾಯ್‌ಗೆ ನನ್ನ ಆಯ್ಕೆ ಫೈಕಸ್. ಫುಕಿಯನ್ ಟೀ ಎಂದು ಕರೆಯುವ ಕಾರ್ಮೋನಾ, ಮತ್ತು ಸೆರಿಸ್ಸಾ ಸ್ವಲ್ಪ ಮುನಿಸಿನ ಗಿಡಗಳು, ಆದರೂ ಬೆಳಕು ತುಂಬ ಇದ್ದರೆ ಹೂವಿನ ಸಮೇತ ಒಲಿಯುತ್ತವೆ. ಜೂನಿಪರ್, ಪೈನ್, ಮೇಪಲ್‌ಗಳ ವಿಷಯ ಹಾಗಲ್ಲ. ಅವು ಚಳಿಗಾಲದ ತಂಪಿನಲ್ಲಿ ವಿಶ್ರಮಿಸಿಯೇ ಮುಂದಿನ ವರ್ಷದ ಬೆಳವಣಿಗೆಗೆ ಸಜ್ಜಾಗುವ ಮರಗಳು, ಮತ್ತು ಯಾವ ಪ್ಯಾನೆಲ್ಲೂ ಆ ತಂಪನ್ನು ಕೊಡಲಾರದು. ಜೂನಿಪರ್ ಸತ್ತ ಮೇಲೂ ವಾರಗಟ್ಟಲೆ ಹಸಿರಾಗಿಯೇ ಕಾಣುವುದರಿಂದ ದೀಪದ ಕೆಳಗೆ ಅದು ಚೆನ್ನಾಗಿದೆ ಎಂದು ಹೇಳುವವರ ಮಾತನ್ನು ಒಂದು ವರ್ಷ ಕಳೆದ ಬಳಿಕ ಕೇಳಬೇಕು. ಅಂಥ ಮರ ಈಗಾಗಲೇ ಮನೆಯೊಳಗಿದ್ದರೆ ಅದಕ್ಕಾಗಿ ದೀಪ ಹುಡುಕುವುದನ್ನು ಬಿಟ್ಟು, ಬಿಸಿಲೂ ಚಳಿಯೂ ತಗಲುವಂತೆ ಅದನ್ನು ಹೊರಗೆ ಬೆಳೆಸಬಲ್ಲವರಿಗೆ ಕೊಟ್ಟು, ಪ್ಯಾನೆಲ್‌ನ ಕೆಳಗಿನ ಆ ಜಾಗಕ್ಕೆ ಒಂದು ಫೈಕಸ್ ತರುವುದು ಸರಿ.